ವಯಸ್ಸು ನೆಪ, ಅಂತಸ್ತು ಕಾರಣ

“ಓದುವ ವಯಸ್ಸಿನಲ್ಲಿ ಇದೆಲ್ಲ ಏಕೆ?” ಎಂಬ ಪ್ರಶ್ನೆ ನಮ್ಮ ಧರ್ಮಕೇಂದ್ರಗಳ ಮನೆಗಳಲ್ಲಿ ಕೇಳಿಬರದ ವರ್ಷವಿಲ್ಲ. ಒಂಬತ್ತನೆಯ ಅಥವಾ ಹತ್ತನೆಯ ತರಗತಿಯ ಒಬ್ಬ ಹುಡುಗ, ಅದೇ ಶಾಲೆಯ ಒಬ್ಬಳು ಹುಡುಗಿ, ನೋಟ್ ಪುಸ್ತಕದ ನಡುವೆ ಮಡಿಚಿಟ್ಟ ಒಂದು ಕಾಗದ ಅಥವಾ ತಾಯಿಯ ಮೊಬೈಲಿನಲ್ಲಿ ಅಳಿಸಲು ಮರೆತ ನಾಲ್ಕು ಸಂದೇಶಗಳು. ಇಷ್ಟು ಕಣ್ಣಿಗೆ ಬಿದ್ದರೆ ಸಾಕು, ಮನೆಯ ಹಿರಿಯರೆಲ್ಲ ಒಂದೇ ಸ್ವರದಲ್ಲಿ ಈ ಪ್ರಶ್ನೆಯನ್ನೆತ್ತುತ್ತಾರೆ. ಹಾಗೆ ಕೇಳುವ ಹಕ್ಕು ಹೆತ್ತವರಿಗೆ ಇದ್ದೇ ಇದೆ. ಹದಿನೈದರ ಮಗುವಿಗೆ ಓದು ಮುಖ್ಯ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ನಾವು ನಿಜಕ್ಕೂ ವಯಸ್ಸನ್ನು ಕುರಿತೇ ಚಿಂತಿಸುತ್ತಿದ್ದೇವೆಯೇ? ಈ ವಿಷಯದಲ್ಲಿ ನನಗೆ ಬಲವಾದ ಸಂದೇಹವಿದೆ.

ಆತ್ಮೀಯ ಓದುಗರೇ, ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಒಂದೇ ಧರ್ಮಕೇಂದ್ರದ ಎರಡು ಅನುಕೂಲಸ್ಥ ಕುಟುಂಬಗಳ ಮಕ್ಕಳು ಗಾನವೃಂದದಲ್ಲಿ ಅಕ್ಕಪಕ್ಕ ನಿಂತು ಹಾಡುತ್ತಾರೆ, ಕ್ರಿಸ್ಮಸ್ ಗೋದಲಿ ಕಟ್ಟುವ ನೆಪದಲ್ಲಿ ಸಂಜೆಯೆಲ್ಲ ಜೊತೆಗಿರುತ್ತಾರೆ, ಒಬ್ಬರ ಹೆಸರೆತ್ತಿದರೆ ಇನ್ನೊಬ್ಬರ ಮುಖ ಕೆಂಪಾಗುತ್ತದೆ ಎಂದು ಇಟ್ಟುಕೊಳ್ಳೋಣ. ಆಗ ಏನಾಗುತ್ತದೆ? ತಾಯಂದಿರಿಬ್ಬರೂ ಸೆರಗಿನ ಮರೆಯಲ್ಲಿ ನಗುತ್ತಾರೆ. “ಮೊದಲು ಓದು ಮುಗಿಸಲಿ, ಆಮೇಲೆ ನೋಡೋಣ” ಎನ್ನುತ್ತಾರೆ. ತಂದೆಯಂದಿರು ಗೊತ್ತಿಲ್ಲದವರಂತೆ ಇರುತ್ತಾರೆ. ಈಗ ಹುಡುಗಿಯನ್ನು ಹಾಗೆಯೇ ಇಟ್ಟು ಹುಡುಗನನ್ನು ಮಾತ್ರ ಬದಲಾಯಿಸಿ. ಅವನು ಗಾರೆ ಕೆಲಸದವರ ಮಗ, ಅಥವಾ ಬೇರೆ ಭಾಷೆಯವನು, ಬೇರೆ ಜಾತಿಯವನು, ಬೇರೆ ಮತದವನು. ವಯಸ್ಸು ಅದೇ ಹದಿನೈದು. ಮುಖ ಕೆಂಪಾಗುವುದೂ ಅಷ್ಟೇ. ಆದರೆ ಈ ಬಾರಿ ನಗು ಇಲ್ಲ. ಮೊಬೈಲ್ ಕಿತ್ತುಕೊಳ್ಳಲಾಗುತ್ತದೆ, ಟ್ಯೂಷನ್ ನಿಲ್ಲುತ್ತದೆ, ಚಿಕ್ಕಪ್ಪ ದೊಡ್ಡಪ್ಪಂದಿರು ಬೈಕ್ ಏರಿ ಹುಡುಗನ ಮನೆಯತ್ತ ಹೊರಡುತ್ತಾರೆ, ಧರ್ಮಗುರುಗಳ ಮನೆಯ ಬಾಗಿಲು ರಾತ್ರಿ ಒಂಬತ್ತಕ್ಕೆ ತಟ್ಟಲ್ಪಡುತ್ತದೆ. ವಯಸ್ಸೇ ಕಾರಣವಾಗಿದ್ದರೆ ಎರಡೂ ಮನೆಗಳಲ್ಲಿ ಒಂದೇ ನ್ಯಾಯ ಇರಬೇಕಿತ್ತಲ್ಲವೇ?

ಇನ್ನೂ ಹಿಂದಕ್ಕೆ ಹೋಗಬಹುದು. 1929ರ ಶಾರದಾ ಕಾಯ್ದೆ ಹೆಣ್ಣಿನ ಮದುವೆಗೆ ಗೊತ್ತುಮಾಡಿದ ಕನಿಷ್ಠ ವಯಸ್ಸು 14. ಅದು 18 ಆದದ್ದು 1978ರಲ್ಲಿ. ನಮ್ಮಲ್ಲಿ ಅನೇಕರ ಅಜ್ಜಿಯಂದಿರು ಹದಿನೈದು ಹದಿನಾರಕ್ಕೆ ಕೊರಳಿಗೆ ಕರಿಮಣಿ ಕಟ್ಟಿಸಿಕೊಂಡವರೇ. ಹಿರಿಯರು ಗೊತ್ತುಮಾಡಿದ ಗಂಡಿನೊಂದಿಗೆ ಹದಿನೈದಕ್ಕೆ ಸಂಸಾರ ಹೂಡಬಹುದಾಗಿದ್ದ ಕುಟುಂಬದಲ್ಲಿ, ತಾನೇ ಮೆಚ್ಚಿದ ಹುಡುಗನಿಗೆ ಹದಿನೈದಕ್ಕೆ ಒಂದು ಕಾಗದ ಬರೆದರೆ ಮಾತ್ರ ವಯಸ್ಸು ಸಾಲದು ಎನ್ನುವುದು ಸೋಜಿಗದ ಸಂಗತಿ. ಬಾಲ್ಯವಿವಾಹ ಹೋದದ್ದು ಒಳ್ಳೆಯದೇ ಆಯಿತು, ಅದನ್ನು ಮರಳಿ ತರಬೇಕೆಂದು ಯಾರೂ ಹೇಳುತ್ತಿಲ್ಲ. ವಯಸ್ಸಿನ ಮಾತನ್ನು ನಾವು ನಮಗೆ ಬೇಕಾದಾಗ ಮಾತ್ರ ಹೊರತೆಗೆಯುತ್ತೇವೆ ಎಂಬುದಷ್ಟೇ ನನ್ನ ಆರೋಪ.

ಮಲೆನಾಡಿನ ಕಾಫಿ ಸೀಮೆಯ ಒಂದು ಊರಿನಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ಊರಿನ ಹೆಸರು ಬೇಡ, ಶಾಲೆಯ ಹೆಸರೂ ಬೇಡ. ಇಬ್ಬರು ಮಕ್ಕಳೂ ಈಗ ದೊಡ್ಡವರಾಗಿ ಅವರವರ ದಾರಿಯಲ್ಲಿದ್ದಾರೆ. ಹುಡುಗಿ ತೋಟದ ಮಾಲೀಕರ ಮಗಳು, ತರಗತಿಗೆ ಮೊದಲಿಗಳು. ಹುಡುಗನ ತಾಯಿ ಪಕ್ಕದ ತೋಟದ ಲೈನ್‌ಮನೆಯಲ್ಲಿದ್ದು ಹಣ್ಣು ಕುಯ್ಯುವವಳು; ಅವನು ಕಾಲ್ಚೆಂಡಿನಲ್ಲಿ ಮುಂದು, ಇಂಗ್ಲಿಷಿನಲ್ಲಿ ತೀರಾ ಹಿಂದು. ಅವಳು ಅವನಿಗೆ ಇಂಗ್ಲಿಷ್ ಪಾಠ ಹೇಳಿಕೊಟ್ಟಳು. ಮಳೆಗಾಲದಲ್ಲಿ ಬಸ್ಸು ಬಾರದ ದಿನ ಇಬ್ಬರೂ ಒಂದೇ ದಾರಿಯಲ್ಲಿ ನಡೆದರು. ನಡೆದದ್ದು ಇಷ್ಟೇ. ಕೆಲವು ತಿಂಗಳ ನಂತರ, ಯಾರ ಒತ್ತಾಯವೂ ಇಲ್ಲದೆ, ಹುಡುಗಿಯೇ ಇದು ಮುಂದುವರಿಯುವುದು ಬೇಡ ಎಂದು ಅವನಿಗೆ ಹೇಳಿದಳು. ಅವಳಿಗೆ ಮುಂದಿನ ಓದಿನ ಕನಸುಗಳಿದ್ದವು. ಅವನೊಂದಿಗೆ ಮಾತಾಡಲು ಹಂಚಿಕೊಳ್ಳುವ ವಿಷಯಗಳು ದಿನದಿನಕ್ಕೆ ಕಡಿಮೆಯಾಗುತ್ತಿದ್ದವು. ಹದಿನೈದರ ಪ್ರೀತಿ ಬಹುಮಟ್ಟಿಗೆ ಹೀಗೆಯೇ ಮುಗಿಯುತ್ತದೆ. ಹುಡುಗ ಒಂದು ವಾರ ಶಾಲೆಗೆ ಬರಲಿಲ್ಲ. ಬಂದ ಮೇಲೆ ಅವಳಿಗೊಂದು ಕಾಗದ ಬರೆದು ಅವಳ ವಿಜ್ಞಾನದ ಪುಸ್ತಕದಲ್ಲಿಟ್ಟ.

ಆ ಕಾಗದ ತಂದೆಯ ಕೈಗೆ ಸಿಕ್ಕಿತು. ಮರುದಿನ ಶಾಲೆಯ ಕಚೇರಿಯಲ್ಲಿ ಇಬ್ಬರು ಮಕ್ಕಳನ್ನೂ ನಿಲ್ಲಿಸಲಾಯಿತು. ಹುಡುಗನ ತಾಯಿಯನ್ನು ಕೆಲಸದಿಂದ ಕರೆಸಲಾಯಿತು. ಆಕೆ ಕುಯ್ಲಿನ ಬಟ್ಟೆಯಲ್ಲೇ ಬಂದು ಬಾಗಿಲ ಬಳಿ ನಿಂತಳು, ಕೂರಿ ಎಂದವರಿಲ್ಲ. ಕಾಗದದ ಮೊದಲ ನಾಲ್ಕು ಸಾಲನ್ನು ಎಲ್ಲರೆದುರು ಗಟ್ಟಿಯಾಗಿ ಓದಲಾಯಿತು. ಅರ್ಧ ವರ್ಷ ಕಳೆದಿದ್ದಾಗ, ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೆಲವೇ ತಿಂಗಳಿದ್ದಾಗ ಹುಡುಗನ ಕೈಗೆ ಟಿ.ಸಿ. ಕೊಡಲಾಯಿತು. ಹುಡುಗಿಯನ್ನು ಕರಾವಳಿಯ ಸಂಬಂಧಿಕರ ಮನೆಗೆ ಕಳುಹಿಸಲಾಯಿತು. ಮುಂದಿನ ಕುಯ್ಲಿನ ಹೊತ್ತಿಗೆ ತಾಯಿ ಮಗ ಆ ಲೈನ್‌ಮನೆಯಲ್ಲಿ ಇರಲಿಲ್ಲ. ಅವನು ಪರೀಕ್ಷೆ ಬರೆಯಲಿಲ್ಲ.

ಆ ಕಾಗದವನ್ನು ಕೊನೆಯವರೆಗೆ ಓದಿದವರು ಅಲ್ಲಿದ್ದ ಒಬ್ಬ ಶಿಕ್ಷಕಿ ಮಾತ್ರ. ಆಕೆ ನಿವೃತ್ತರಾದ ಮೇಲೆ ನನಗೆ ಹೇಳಿದರು: ಅದು ಪ್ರೇಮಪತ್ರವೇ ಆಗಿರಲಿಲ್ಲ. ನೀನು ಹೇಳಿದ್ದು ಸರಿ, ಇನ್ನು ಮುಂದೆ ನಿನ್ನ ದಾರಿಗೆ ಅಡ್ಡ ಬರುವುದಿಲ್ಲ, ಚೆನ್ನಾಗಿ ಓದು, ಇಂಗ್ಲಿಷ್ ಕಲಿಸಿದ್ದಕ್ಕೆ ಉಪಕಾರ ಮರೆಯುವುದಿಲ್ಲ ಎಂದು ಆ ಹುಡುಗ ತಪ್ಪುತಪ್ಪಾಗಿ ಬರೆದಿದ್ದ. ದೊಡ್ಡವರು ಅಷ್ಟೊಂದು ಬಲ ಪ್ರಯೋಗಿಸಿ ಮುರಿದದ್ದು ಆಗಲೇ ಮುಗಿದುಹೋಗಿದ್ದ ಒಂದು ಸ್ನೇಹವನ್ನು. ಮಕ್ಕಳಿಬ್ಬರೂ ತಮ್ಮ ನಡುವೆ ಸಭ್ಯವಾಗಿ ಇತ್ಯರ್ಥ ಮಾಡಿಕೊಂಡಿದ್ದನ್ನು ಹಿರಿಯರು ಹೊಲಸು ಮಾಡಿ ಬೀದಿಗಿಟ್ಟರು. ಆ ಹುಡುಗಿಗೆ ಪ್ರೀತಿ ಹೋದ ನೋವಿಗಿಂತ, ತನ್ನಿಂದಾಗಿ ಒಬ್ಬ ತಾಯಿ ಬಾಗಿಲಲ್ಲಿ ನಿಲ್ಲಬೇಕಾಯಿತಲ್ಲ ಎಂಬ ನೋವು ಬಹುಕಾಲ ಉಳಿಯಿತೆಂದು ಕೇಳಿದ್ದೇನೆ. 

ಎಳೆಯರ ಹೃದಯ ಒಡೆಯುವುದನ್ನು ನಾವು ಎರಡೇ ರೀತಿಯಲ್ಲಿ ನೋಡಬಲ್ಲೆವು. ಒಂದೋ ಅದು ಅಪರಾಧ, ಇಲ್ಲವೇ ಅದು ತಮಾಷೆ. ಅಪರಾಧವಾದರೆ ಹೊಡೆತ, ತಮಾಷೆಯಾದರೆ ಮದುವೆಮನೆಯ ಊಟದ ಪಂಕ್ತಿಯಲ್ಲಿ ಅತ್ತೆ ಮಾವಂದಿರ ಚೇಷ್ಟೆ. ಅದು ನೋವು ಎಂದು ಒಪ್ಪಿಕೊಳ್ಳಲು ಮಾತ್ರ ನಾಲಿಗೆ ಹೊರಳುವುದಿಲ್ಲ. 2011ರಲ್ಲಿ ಅಮೆರಿಕದ ವಿಜ್ಞಾನಿಗಳು ಇತ್ತೀಚೆಗೆ ತಮ್ಮ ಇಚ್ಛೆಗೆ ವಿರುದ್ಧವಾಗಿ ಪ್ರೀತಿ ಕಳೆದುಕೊಂಡಿದ್ದ 40 ಜನರನ್ನು ಪರೀಕ್ಷಿಸಿದರು. ಅಗಲಿದವರ ಭಾವಚಿತ್ರ ತೋರಿಸಿದಾಗ, ತೋಳಿಗೆ ಬಿಸಿ ತಗುಲಿಸಿದಾಗ ಚುರುಕಾಗುವ ಮಿದುಳಿನ ಭಾಗಗಳಲ್ಲಿ ಕೆಲವು ಆಗಲೂ ಚುರುಕಾದವು. ಅವರು ಮಕ್ಕಳಾಗಿರಲಿಲ್ಲ, ಒಂದು ಅಧ್ಯಯನದಿಂದ ಎಲ್ಲವನ್ನೂ ಸಾಧಿಸಲೂ ಆಗದು. ಆದರೂ “ಎದೆ ಸುಡುತ್ತದೆ” ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ. ಹದಿಹರೆಯದವರಲ್ಲಿ ಭಾವನೆಯ ವೇಗ ಮೊದಲು ಬೆಳೆಯುತ್ತದೆ. ಅದಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ನಲವತ್ತರ ತಂದೆಗೆ “ನಾಳೆ ಸರಿಹೋಗುತ್ತದೆ” ಎಂಬುದು ಅನುಭವದಿಂದ ಗೊತ್ತು. ಹದಿನೈದರ ಮಗನಿಗೆ ಅಂಥ ನಾಳೆ ಇನ್ನೂ ಒಂದೂ ಬಂದಿಲ್ಲ.

ಈ ಅಜ್ಞಾನದ ಬೆಲೆ ಸಣ್ಣದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿವರ್ಷ ಆತ್ಮಹತ್ಯೆಗಳ ವರದಿ ಹೊರತರುತ್ತದೆ. 2021ರಲ್ಲಿ ದೇಶದಲ್ಲಿ 18 ವರ್ಷದೊಳಗಿನ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ತಮ್ಮ ಜೀವವನ್ನು ತಾವೇ ತೆಗೆದುಕೊಂಡರು. ಕಾರಣಗಳ ಪಟ್ಟಿಯಲ್ಲಿ ಮೊದಲನೆಯದು ಕೌಟುಂಬಿಕ ಸಮಸ್ಯೆ, ಎರಡನೆಯದು ಪ್ರೇಮ ಪ್ರಕರಣ. ಪರೀಕ್ಷೆಯಲ್ಲಿ ಅನುತ್ತೀರ್ಣರಾದದ್ದು ಅದಕ್ಕಿಂತ ಕೆಳಗಿದೆ. ಫಲಿತಾಂಶದ ದಿನ ಮಕ್ಕಳ ಮೇಲೆ ಕಣ್ಣಿಡಿ ಎಂದು ಬಲಿಪೂಜೆಯ ಕೊನೆಯ ಪ್ರಕಟಣೆಗಳಲ್ಲಿ ಕೇಳಿದ್ದೇವೆ, ಅದು ಒಳ್ಳೆಯದೇ. ಪ್ರೀತಿ ಮುರಿದ ದಿನ ಮಕ್ಕಳ ಮೇಲೆ ಕಣ್ಣಿಡಿ ಎಂದು ಎಂದಾದರೂ ಕೇಳಿದ್ದೇವೆಯೇ? ಇನ್ನೊಂದನ್ನೂ ಗಮನಿಸಿ. ಆ ಮೊದಲ ಎರಡು ಕಾರಣಗಳು ಪೊಲೀಸರ ಪುಸ್ತಕದಲ್ಲಿ ಬೇರೆ ಬೇರೆ ಕಂಬಸಾಲುಗಳಲ್ಲಿವೆ. ಮನೆಯಲ್ಲಿ ಅವು ಎಷ್ಟೋ ಸಲ ಒಂದೇ ರಾತ್ರಿ, ಒಂದೇ ಕೋಣೆಯಲ್ಲಿ, ಒಂದೇ ಬೈಗುಳದಲ್ಲಿ ಕೂಡಿಕೊಂಡಿರುತ್ತವೆ.

ಈಗ ಕಾನೂನಿನ ಮಾತು. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ 2012ರಲ್ಲಿ ಬಂದಿತು. ಬಹಳ ಅಗತ್ಯವಾಗಿದ್ದ ಕಾಯ್ದೆ ಅದು. ಸಮ್ಮತಿಯ ವಯಸ್ಸು 16ರಿಂದ 18ಕ್ಕೆ ಏರಿದ್ದೂ ಆಗಲೇ. ಇಪ್ಪತ್ತೈದರ ಗಂಡಸು ಹದಿನಾಲ್ಕರ ಹುಡುಗಿಗೆ ಚಾಕಲೇಟು, ಮೊಬೈಲು ಕೊಡಿಸಿ ಬೆನ್ನು ಹತ್ತುವುದನ್ನು ಯಾರೂ ಪ್ರೀತಿ ಎಂದು ಕರೆಯಬಾರದು. ಅದು ಬೇಟೆ, ಅಲ್ಲಿ ಪೊಲೀಸರಿಗೆ ತಿಳಿಸುವುದೇ ಧರ್ಮ, ತಡಮಾಡುವುದೇ ಪಾಪ. ಆ ಗಂಡಸು ನಮ್ಮದೇ ಧರ್ಮಕೇಂದ್ರದವನಾಗಿದ್ದರೂ, ಎಂಥ ಸ್ಥಾನದಲ್ಲಿದ್ದರೂ ಅಷ್ಟೇ. ಆದರೆ ಈ ಕಾಯ್ದೆ ನಮ್ಮ ಕುಟುಂಬಗಳ ಕೈಯಲ್ಲಿ ಇನ್ನೊಂದು ಕೆಲಸಕ್ಕೂ ಬಳಕೆಯಾಗುತ್ತಿದೆ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳ ರಾಜ್ಯಗಳ ವಿಶೇಷ ನ್ಯಾಯಾಲಯಗಳು 2016ರಿಂದ 2020ರವರೆಗೆ ಕೊಟ್ಟ 7,064 ತೀರ್ಪುಗಳನ್ನು ಓದಿ 2022ರಲ್ಲಿ ವರದಿ ನೀಡಿತು. ಅವುಗಳಲ್ಲಿ ನಾಲ್ಕರಲ್ಲೊಂದರಷ್ಟು ಪ್ರಕರಣಗಳು ಪರಸ್ಪರ ಪ್ರೀತಿಯವು. ಅಂಥ ಪ್ರಕರಣಗಳಲ್ಲಿ ಬಹುಪಾಲು ದೂರು ಕೊಟ್ಟವರು ಹುಡುಗಿಯ ತಂದೆ ತಾಯಿ ಅಥವಾ ಬಂಧುಗಳು. ನಮ್ಮ ಉಚ್ಚ ನ್ಯಾಯಾಲಯದ ಧಾರವಾಡ ಪೀಠವೂ 2022ರಲ್ಲಿ ಇಂಥ ಪ್ರಕರಣಗಳನ್ನು ಕಂಡು, ವಯಸ್ಸಿನ ಮಾನದಂಡವನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತು. 2023ರಲ್ಲಿ ಆಯೋಗ ತನ್ನ 283ನೆಯ ವರದಿಯಲ್ಲಿ ವಯಸ್ಸನ್ನು ಇಳಿಸುವುದು ಬೇಡ, ಆದರೆ 16ರಿಂದ 18ರವರ ಇಂಥ ಪ್ರಕರಣಗಳಲ್ಲಿ ಶಿಕ್ಷೆಯ ಬಗ್ಗೆ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ವಯಸ್ಸು ಇಳಿಸಬಾರದೆಂಬ ಮಾತಿಗೆ ನನ್ನ ಒಪ್ಪಿಗೆಯೂ ಇದೆ. ಆದರೆ ಮಗಳನ್ನು ರಕ್ಷಿಸಲು ಬಂದ ಕಾನೂನನ್ನು ಮನೆತನದ ಮರ್ಯಾದೆ ಕಾಯುವ ದೊಣ್ಣೆಯಾಗಿಸಿಕೊಂಡು, ಹದಿನೇಳರ ಹುಡುಗನನ್ನು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಿಸುವ ಹೆತ್ತವರು, ತಮ್ಮ ಮಗಳನ್ನೂ ಪೊಲೀಸು, ವೈದ್ಯಕೀಯ ಪರೀಕ್ಷೆ, ಹೇಳಿಕೆ, ಸಾಕ್ಷಿ ಎಂಬ ಸರಪಳಿಯಲ್ಲಿ ಎಳೆಯುತ್ತಿದ್ದೇವೆಂಬುದನ್ನು ಮರೆಯುತ್ತಾರೆ. ಒಪ್ಪಿ ಬರೆದುಕೊಂಡ ಕಾಗದ ಅಪರಾಧವಲ್ಲ. ಅಪರಾಧವಲ್ಲದ್ದಕ್ಕೆ ಕಲಂ ಹುಡುಕಲು ಹೊರಡುವುದು ಯಾವ ನ್ಯಾಯ?

“ಅಂತಸ್ತು” ಎಂಬ ಸಭ್ಯ ಪದದ ಹಿಂದೆ ಅಡಗಿರುವುದನ್ನೂ ಬಿಡಿಸಿ ಹೇಳಬೇಕಾಗಿದೆ. ನಾವು ಕ್ರೈಸ್ತರು, ನಮ್ಮಲ್ಲಿ ಜಾತಿಯಿಲ್ಲ ಎಂದು ಹೊರಗಿನವರಿಗೆ ಹೇಳುತ್ತೇವೆ. ಒಳಗೆ, ಕರಾವಳಿಯ ಕುಟುಂಬಗಳಲ್ಲಿ ಬಾಮಣ್, ಚಾರಡಿ, ಸುದಿರ್ ಎಂಬ ಮಾತು ಮದುವೆಯ ಸಮಯದಲ್ಲಿ ಇಂದಿಗೂ ಪಿಸುದನಿಯಲ್ಲಿ ಏಳುತ್ತದೆ. ಬಯಲುಸೀಮೆಯಲ್ಲಿ ಯಾವ ಕೇರಿಯವರು ಎಂಬ ವಿಚಾರಣೆ ನಡೆಯುತ್ತದೆ. ನಗರದಲ್ಲಿ ಕನ್ನಡ, ತಮಿಳು, ಕೊಂಕಣಿ ಎಂಬ ಗೋಡೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರ ಡಿಸೆಂಬರಿನಲ್ಲಿ ಹೊರತಂದ ದಲಿತ ಸಬಲೀಕರಣದ ನೀತಿಯಲ್ಲಿ ಧರ್ಮಸಭೆಯೊಳಗೆ ಅಸ್ಪೃಶ್ಯತೆ ಇದೆಯೆಂದು ಒಪ್ಪಿಕೊಂಡಿದೆ. ಧರ್ಮಾಧ್ಯಕ್ಷರು ಒಪ್ಪಿದ್ದನ್ನು ನಮ್ಮ ಊಟದ ಮನೆ ಒಪ್ಪುತ್ತಿಲ್ಲ. ಮಕ್ಕಳಿಗೆ ಇದು ಅರ್ಥವಾಗುವುದಿಲ್ಲವೆಂದು ಭಾವಿಸಬೇಡಿ. ಧರ್ಮೋಪದೇಶದ ತರಗತಿಯಲ್ಲಿ ಎಲ್ಲರೂ ದೇವರ ಮಕ್ಕಳೆಂದು ಬಾಯಿಪಾಠ ಮಾಡಿದ ಹುಡುಗಿಗೆ, ಅದೇ ಬೆಂಚಿನಲ್ಲಿ ಕುಳಿತಿದ್ದ ಹುಡುಗ ಏಕೆ “ಅಂಥವನು” ಎಂದು ಮನೆಯಲ್ಲಿ ಒಂದು ರಾತ್ರಿ ತಿಳಿಯುತ್ತದೆ. ಆ ರಾತ್ರಿ ಅವಳು ಕಳೆದುಕೊಳ್ಳುವುದು ಹುಡುಗನನ್ನು ಮಾತ್ರವೇ? ನಾವು ಹತ್ತು ವರ್ಷ ಹೇಳಿಕೊಟ್ಟ ಪಾಠದ ಮೇಲಿನ ನಂಬಿಕೆಯೂ ಅಲ್ಲೇ ಹೋಗುತ್ತದೆ.

ಹೆತ್ತವರ ಭಯಕ್ಕೆ ಬೇರೆ ಮೂಲವೂ ಇದೆ, ಅದು ಸಿನಿಮಾ. 2007ರಲ್ಲಿ ಎಸ್. ನಾರಾಯಣ್ ಅವರು ತಮಿಳಿನ ‘ಕಾದಲ್’ ಚಿತ್ರವನ್ನು ‘ಚೆಲುವಿನ ಚಿತ್ತಾರ’ ಎಂದು ಕನ್ನಡಕ್ಕೆ ತಂದರು: ಗ್ಯಾರೇಜಿನ ಹುಡುಗ, ಸಿರಿವಂತರ ಮನೆಯ ಶಾಲಾ ಹುಡುಗಿ, ಓಡಿಹೋಗುವುದು, ಹಿಡಿದು ತರುವುದು, ಕೊನೆಗೆ ಹುಡುಗ ಬುದ್ಧಿ ಕಳೆದುಕೊಂಡು ಬೀದಿ ಅಲೆಯುವುದು. ಹತ್ತು ವರ್ಷಗಳ ಬಳಿಕ, 2017ರಲ್ಲಿ, ಅವರೇ ಮರಾಠಿಯ ‘ಸೈರಾಟ್’ ಚಿತ್ರವನ್ನು ‘ಮನಸು ಮಲ್ಲಿಗೆ’ ಎಂದು ಮತ್ತೆ ಮಾಡಿದರು. ಅಲ್ಲಿ ಪ್ರೇಮದ ಕೊನೆ ಕೊಲೆ. ಜಾತಿಯ ಕ್ರೌರ್ಯವನ್ನು ತೋರಿಸಿದ್ದಕ್ಕೆ ಇಂಥ ಚಿತ್ರಗಳನ್ನು ನಾನು ಗೌರವಿಸುತ್ತೇನೆ. ಆದರೆ ಹದಿನೈದರಲ್ಲಿ ಹುಟ್ಟಿ, ಹದಿನಾರರಲ್ಲಿ ತಾನಾಗಿ ಬಾಡಿ, ಇಬ್ಬರೂ ಪಿಯುಸಿಗೆ ಬೇರೆ ಬೇರೆ ಕಾಲೇಜು ಸೇರಿ ಬದುಕಿ ಉಳಿಯುವ ಪ್ರೀತಿಯನ್ನು ತೆರೆಯ ಮೇಲೆ ತೋರಿಸಿದವರು ಎಷ್ಟು ಮಂದಿ? ಲೋಕದಲ್ಲಿ ಬಹುಪಾಲು ನಡೆಯುವುದು ಅದೇ, ಆದರೆ ಅದಕ್ಕೆ ಟಿಕೆಟು ಹರಿಯುವುದಿಲ್ಲ. ಹೀಗಾಗಿ ಕಾಗದ ಕಂಡೊಡನೆ ತಂದೆಯ ಕಣ್ಣಿಗೆ ಓಡಿಹೋಗುವ ಬಸ್ಸು ಕಾಣುತ್ತದೆ. ಅದನ್ನು ತಡೆಯಲೆಂದು ಅವರು ಕಟ್ಟುವ ಬೇಲಿಯೇ ಮಕ್ಕಳನ್ನು ಬಸ್ಸಿನತ್ತ ತಳ್ಳುತ್ತದೆ. ತಾನಾಗಿ ಬಾಡುತ್ತಿದ್ದ ಗಿಡಕ್ಕೆ ವಿರೋಧವೆಂಬ ಗೊಬ್ಬರ ಬಿದ್ದು ಅದು ಹಟದಿಂದ ಚಿಗುರುವುದನ್ನು ಎಷ್ಟು ಮನೆಗಳಲ್ಲಿ ಕಂಡಿಲ್ಲ!

ಷೇಕ್ಸ್‌ಪಿಯರ್ ಮಹಾಕವಿಯ ಜೂಲಿಯೆಟ್‌ಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಆ ನಾಟಕದಲ್ಲಿ ಮಕ್ಕಳು ನಂಬಿದ ಹಿರಿಯರಲ್ಲಿ ಮುಖ್ಯನಾದವನು ಒಬ್ಬ ಸನ್ಯಾಸಿ ಗುರು. ಅವನು ಮಕ್ಕಳನ್ನು ಗದರಿಸಿ ಅಟ್ಟಲಿಲ್ಲ, ಅದು ಮೆಚ್ಚತಕ್ಕದ್ದು. ಆದರೆ ಎರಡೂ ಮನೆಗಳಿಂದ ಎಲ್ಲವನ್ನೂ ಮರೆಮಾಚಿ, ಗುಟ್ಟಾಗಿ ಮದುವೆ ಮಾಡಿಸಿ, ಔಷಧಿ ಕೊಟ್ಟು, ತಾನೊಬ್ಬನೇ ಎಲ್ಲವನ್ನೂ ಸರಿಪಡಿಸಹೊರಟ. ನಮ್ಮಲ್ಲೂ ಅಂಥ ಉಪಕಾರಿಗಳಿದ್ದಾರೆ. ಯುವಜನರ ಮೆಚ್ಚುಗೆ ಗಳಿಸಲು ಪತ್ರ ದಾಟಿಸುವ ಅಣ್ಣಂದಿರು, ತಾಯಿಗೆ ಗೊತ್ತಾಗದಂತೆ ಭೇಟಿ ಮಾಡಿಸುವ ಅಕ್ಕಂದಿರು. ಮಗುವಿಗೆ ಬೇಕಾಗಿರುವುದು ಕಿವಿಗೊಡುವ ಹಿರಿಯರು. ಸಂಚಿನಲ್ಲಿ ಪಾಲುದಾರರು ಬೇಕಿಲ್ಲ.

“ಹಾಗಾದರೆ ಮಕ್ಕಳನ್ನು ಬಿಟ್ಟುಬಿಡಬೇಕೇ?” ಎಂದು ಕೇಳುವವರಿಗೆ ನನ್ನ ಉತ್ತರ ಸ್ಪಷ್ಟ: ಬಿಡಬಾರದು. ರಾತ್ರಿ ಹತ್ತರ ಮೇಲೆ ಮೊಬೈಲು ತಂದೆ ತಾಯಿಯ ಕೋಣೆಯಲ್ಲಿರಲಿ, ಏಕಾಂತದ ಭೇಟಿಗಳು ಬೇಡ, ಓದಿನ ವೇಳೆ ಓದಿಗೇ ಇರಲಿ, ದೇಹದ ಮರ್ಯಾದೆ ಏನೆಂಬುದನ್ನು ತಾಯಿ ಮಗಳಿಗೂ ತಂದೆ ಮಗನಿಗೂ ನಾಚದೆ ಹೇಳಲಿ. ಇವೆಲ್ಲ ಹೆತ್ತವರ ಕರ್ತವ್ಯ. ಇದನ್ನೆಲ್ಲ ಹೇಳಲು ಹುಡುಗನ ತಾಯಿಯನ್ನು ಬಾಗಿಲಲ್ಲಿ ನಿಲ್ಲಿಸುವ ಅಗತ್ಯವಿಲ್ಲ, ಮಗಳ ಕೂದಲು ಹಿಡಿದೆಳೆಯುವ ಅಗತ್ಯವೂ ಇಲ್ಲ. ಈ ಮಿತಿಗಳನ್ನು ಸರಿಸಮಾನರ ಮಗನಿಗೂ ಬಡವರ ಮಗನಿಗೂ ಒಂದೇ ರೀತಿ ವಿಧಿಸಿದರೆ ಮಕ್ಕಳು ಗೊಣಗಿಯಾದರೂ ಒಪ್ಪುತ್ತಾರೆ. ಅನ್ಯಾಯವನ್ನು ಗುರುತಿಸುವುದರಲ್ಲಿ ಹದಿಹರೆಯದವರಷ್ಟು ಚುರುಕಾದವರು ಇನ್ನಾರೂ ಇಲ್ಲ.

ಗಂಡುಮಕ್ಕಳ ವಿಷಯದಲ್ಲಿ ನಾವು ಇನ್ನಷ್ಟು ಅಲಕ್ಷ್ಯ ಮಾಡಿದ್ದೇವೆ. ಹೆಣ್ಣುಮಕ್ಕಳಿಗೆ ಎಚ್ಚರಿಕೆಯ ಮಾತು ದಿನಕ್ಕೆ ನೂರು. ಹುಡುಗರಿಗೆ? ಹೆಣ್ಣೊಬ್ಬಳು “ಬೇಡ” ಎಂದರೆ ಅದನ್ನು ತಲೆಬಾಗಿ ಸ್ವೀಕರಿಸುವುದು ಗಂಡಸುತನಕ್ಕೆ ಕುಂದಲ್ಲ ಎಂದು ಎಷ್ಟು ತಂದೆಯರು ಹೇಳಿದ್ದಾರೆ? 2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಒಂದು ತಿಂಗಳ ಅಂತರದೊಳಗೆ, ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರು ಇರಿತಕ್ಕೆ ಬಲಿಯಾದರು. ಇಬ್ಬರ ಪ್ರಕರಣದಲ್ಲೂ ಆರೋಪಿ ಪರಿಚಿತ ಯುವಕನೇ, ನಿರಾಕರಣೆಯ ಸಿಟ್ಟೇ ಕಾರಣವೆಂಬ ಆರೋಪ ಕೇಳಿಬಂತು. ರಾಜ್ಯವೆಲ್ಲ ಆ ಸಾವುಗಳ ಸುತ್ತ ಮತ, ಪಕ್ಷಗಳ ಜಗಳವಾಡಿತು. ನಿರಾಕರಣೆಯನ್ನು ನಮ್ಮ ಗಂಡುಮಕ್ಕಳು ಹೇಗೆ ತಾಳಿಕೊಳ್ಳಬೇಕೆಂಬ ಚರ್ಚೆ ಮಾತ್ರ ಎಲ್ಲಿಯೂ ದೊಡ್ಡದಾಗಿ ನಡೆಯಲಿಲ್ಲ. ಅಳುವ ಹುಡುಗನಿಗೆ “ಹೆಂಗಸಿನ ಹಾಗೆ ಅಳಬೇಡ” ಎಂದು ನಾವು ಹೇಳುವಾಗ ಅವನ ನೋವಿಗೆ ಉಳಿಯುವ ದಾರಿ ಸಿಟ್ಟೊಂದೇ. ಕಾಫಿ ಸೀಮೆಯ ಆ ಹುಡುಗ “ನೀನು ಹೇಳಿದ್ದು ಸರಿ” ಎಂದು ಬರೆದಿದ್ದನಲ್ಲ, ಅಂಥವನನ್ನು ಶಾಲೆ ತಲೆ ನೇವರಿಸಿ ಕೂರಿಸಿಕೊಳ್ಳಬೇಕಿತ್ತು. 

ಮಗು ಹೃದಯ ಒಡೆದು ಮನೆಗೆ ಬಂದ ಸಂಜೆ ಏನು ಮಾಡಬೇಕು? ಬಹಳವೇನೂ ಇಲ್ಲ. ತಟ್ಟೆಯಲ್ಲಿ ಅನ್ನ ಹಾಗೆಯೇ ಉಳಿದಿದ್ದರೆ ಗದರದೆ, ಸ್ವಲ್ಪ ಹೊತ್ತಿನ ಮೇಲೆ ಬಿಸಿ ಗಂಜಿ ಕೊಡಬೇಕು. “ಅವಳಲ್ಲದಿದ್ದರೆ ಇನ್ನೊಬ್ಬಳು” ಎನ್ನಬಾರದು. ಆ ಹುಡುಗ ಅಥವಾ ಹುಡುಗಿಯನ್ನು ಹೀನಾಯವಾಗಿ ಮಾತನಾಡಬಾರದು, ಏಕೆಂದರೆ ಮಗು ಇನ್ನೂ ಆ ವ್ಯಕ್ತಿಯನ್ನು ಗೌರವಿಸುತ್ತಿರುತ್ತದೆ. ನಂಟರಿಗೆ ಫೋನಿನಲ್ಲಿ ವರದಿ ಒಪ್ಪಿಸಬಾರದು. ತನಗೆ ಬದುಕು ಸಾಕೆನ್ನುವ ಮಾತು ಬಂದರೆ, ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ, ನಿದ್ದೆ ಊಟ ಬಿಟ್ಟರೆ, ಒಬ್ಬಂಟಿಯಾಗಿ ಬಿಡಬಾರದು. ಜಪಮಾಲೆಯ ಜೊತೆಗೆ ವೈದ್ಯರೂ ಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು; ಅದರ ಕೇಂದ್ರಸಂಸ್ಥೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಮಕ್ಕಳೇ ನೇರವಾಗಿ ಕರೆಯಬಹುದಾದ ಸಂಖ್ಯೆ 1098. ಇವೆರಡನ್ನೂ ದೇವಾಲಯದ ಫಲಕದಲ್ಲಿ ಬರೆಸಲು ಎಷ್ಟು ಖರ್ಚಾದೀತು?

ಧರ್ಮಕೇಂದ್ರಗಳು ಮದುವೆಗೆ ಮುನ್ನ ವಿವಾಹ ಸಿದ್ಧತಾ ಶಿಬಿರ ನಡೆಸುತ್ತವೆ. ಇಪ್ಪತ್ತೆಂಟರ ವರನಿಗೆ ಪ್ರೀತಿ ಎಂದರೇನೆಂದು ಆಗ ಹೇಳಿಕೊಡುತ್ತೇವೆ. ಪೋಪ್ ಫ್ರಾನ್ಸಿಸ್ ಅವರು 2016ರಲ್ಲಿ ಕುಟುಂಬವನ್ನು ಕುರಿತು ಹೊರಡಿಸಿದ ‘ಅಮೋರಿಸ್ ಲೆತೀಸಿಯ’ ಪ್ರಬೋಧನೆಯಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಲೈಂಗಿಕ ಶಿಕ್ಷಣ ಏಕೆ ಬೇಕೆಂಬುದಕ್ಕೇ ಒಂದು ಭಾಗ ಮೀಸಲಾಗಿದೆ. ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗುವ ಮಕ್ಕಳೊಂದಿಗೆ ಅದನ್ನು ಕೂತು ಮಾತಾಡಿದ ಧರ್ಮಕೇಂದ್ರಗಳಿದ್ದರೆ ಅವುಗಳಿಗೆ ನನ್ನ ನಮಸ್ಕಾರ; ನಾನು ಕಂಡ ಕಡೆಗಳಲ್ಲಿ ಆ ಪುಟಗಳನ್ನು ತೆರೆದವರಿಲ್ಲ.

ಕೊನೆಯದಾಗಿ ನಮ್ಮ ಶಾಲೆಗಳ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕಬಾರದೆನ್ನುತ್ತದೆ; ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಒಂಬತ್ತು, ಹತ್ತನೆಯ ತರಗತಿಗಳಿಗೆ ಆ ರಕ್ಷಣೆ ಇಲ್ಲ. ಅಷ್ಟೇ ಅಲ್ಲ, 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಲ್ಪಸಂಖ್ಯಾತರ ಶಾಲೆಗಳನ್ನು ಆ ಕಾಯ್ದೆಯಿಂದಲೇ ಹೊರಗಿರಿಸಿತು. ಆ ತೀರ್ಪಿನ ಬಗ್ಗೆ ಅದೇ ನ್ಯಾಯಾಲಯದ ಒಂದು ಪೀಠ 2025ರಲ್ಲಿ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠ ಪರಿಶೀಲಿಸಲೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಅಂದರೆ 2014ರ ತೀರ್ಪಿನೊಂದಿಗೆ ಆ ಕಾಯ್ದೆಯ ಕಟ್ಟು ನಮ್ಮ ಶಾಲೆಗಳ ಮೇಲಿಂದ ಸರಿಯಿತು. ಹೀಗಿರುವಾಗ ಹತ್ತನೆಯ ತರಗತಿಯ ಮಧ್ಯೆ, ಒಂದು ಕಾಗದದ ಸಲುವಾಗಿ, ಬಡವರ ಮಗುವಿಗೆ ಟಿ.ಸಿ. ಕೊಡುವ ಮುನ್ನ ನಮ್ಮನ್ನು ತಡೆಯುವವರು ಯಾರು? ಮುಖ್ಯ ಶಿಕ್ಷಕರ ಮೇಲೆ ಒತ್ತಡವಿರುತ್ತದೆ, ದಾನಿಗಳ ಮಾತು ಮೀರಲಾಗದು ಎಂಬ ಸಮಜಾಯಿಷಿ ನನಗೂ ಗೊತ್ತಿದೆ. ಆದ್ದರಿಂದಲೇ ಇದನ್ನು ಒಬ್ಬೊಬ್ಬ ಮುಖ್ಯ ಶಿಕ್ಷಕರ ಧೈರ್ಯಕ್ಕೆ ಬಿಡಬಾರದು. ಧರ್ಮಕ್ಷೇತ್ರದ ಶಿಕ್ಷಣ ಮಂಡಳಿಯೇ ಎಲ್ಲ ಶಾಲೆಗಳಿಗೂ ಒಂದು ಲಿಖಿತ ಸುತ್ತೋಲೆ ಕಳುಹಿಸಲಿ: ಮಕ್ಕಳ ಖಾಸಗಿ ಕಾಗದವನ್ನು ಯಾರೆದುರೂ ಗಟ್ಟಿಯಾಗಿ ಓದಕೂಡದು, ಇಬ್ಬರ ಹೆತ್ತವರನ್ನೂ ಕರೆಸಿದರೆ ಇಬ್ಬರಿಗೂ ಕುರ್ಚಿ ಹಾಕಬೇಕು, ಒಬ್ಬರಿಗೆ ಕೊಡದ ಶಿಕ್ಷೆಯನ್ನು ಇನ್ನೊಬ್ಬರಿಗೆ ಕೊಡಕೂಡದು, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯುವವರೆಗೆ ಈ ಕಾರಣಕ್ಕಾಗಿ ಯಾವ ಮಗುವಿನ ಹೆಸರನ್ನೂ ಹಾಜರಿ ಪುಸ್ತಕದಿಂದ ತೆಗೆಯಕೂಡದು. ಮುಂದಿನ ಜೂನ್ ತಿಂಗಳಲ್ಲಿ ಶಾಲೆಗಳ ಬಾಗಿಲು ತೆರೆಯುವ ಮುನ್ನ ಅದು ಎಲ್ಲ ಮುಖ್ಯ ಶಿಕ್ಷಕರ ಮೇಜಿನ ಮೇಲಿರಬೇಕು.